ರೇಡಿಯೋ ಕೆಟ್ಟಿಲ್ಲ, ಮನೆಯಿಂದ ಹೊರಗೆ ತಗೊಂಡು ಹೋಗಿ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇದ್ದೇನೆ. ಚಿಕ್ಕಂದಿನಲ್ಲಿ ಅಪ್ಪನ ಮರ್ಫಿ ರೇಡಿಯೋದಲ್ಲಿ ಸಿಲೋನ್, ಬಿಬಿಸಿ ಕೇಳಿದ ನೆನಪು. ಅದೇ ಆಸೆಗೆ ಟೆಕ್ಸನ್ ಪಿಎಲ್-310ಇಟಿ ಅನ್ನೋ ಚಿಕ್ಕ ಸೆಟ್ ತರಿಸಿಕೊಂಡೆ. ಎಫ್‌ಎಂ ಚೆನ್ನಾಗಿದೆ. ಶಾರ್ಟ್‌ವೇವ್‌ನಲ್ಲಿ ಮಾತ್ರ ಎಲ್ಲಿ ತಿರುಗಿಸಿದರೂ ಗೊರಗೊರ ಸದ್ದು. ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ಊರಿಗೆ ಹೋಗುತ್ತೇವೆ, ಅಲ್ಲಿ ಅಡಕೆ ತೋಟ ಇದೆ. ತೋಟದಲ್ಲಿ ಕೂತರೆ ಏನಾದರೂ ಸಿಗುತ್ತಾ? ಅಂಗಡಿಯವರು ಉದ್ದನೆಯ ಆಂಟೆನಾ ತಗೊಳ್ಳಿ ಅಂತಾರೆ. ಸ್ನೇಹಿತರು ಶಾರ್ಟ್‌ವೇವ್ ಸತ್ತೇಹೋಗಿದೆ ಅಂತಾರೆ. ಇದನ್ನು ವಾಪಸ್ ಕೊಟ್ಟು ದುಬಾರಿ ಸೆಟ್ ತಗೊಳ್ಳಲಾ?

ಉತ್ತರ: ವಾಪಸ್ ಕೊಡಬೇಡಿ. ಉದ್ದನೆಯ ಆಂಟೆನಾನೂ ಸದ್ಯಕ್ಕೆ ಬೇಡ. ನೀವು ಬರೆದದ್ದು ನೋಡಿದರೆ ಸೆಟ್ ಸರಿಯಾಗೇ ಇದೆ, ಕೆಟ್ಟಿರುವುದು ಅದು ಕೂತಿರುವ ಜಾಗ. ಇದೇ ಸೆಟ್ಟಿನ ಕೋಲು ಆಂಟೆನಾ ಪೂರ್ತಿ ಎಳೆದು, ತೋಟದಲ್ಲಿ ಸಂಜೆ ಎರಡು ಗಂಟೆ ಕೂತರೆ ಏಳೆಂಟು ದೇಶ ಹಿಡಿಯುವುದು ಕಷ್ಟವಲ್ಲ. ಹತ್ತು ಪಟ್ಟು ಬೆಲೆಯ ಸೆಟ್ ತಂದು ನಿಮ್ಮ ಹಾಲ್‌ನಲ್ಲಿ ಇಟ್ಟರೂ ಆ ಕೆಲಸ ಆಗುವುದಿಲ್ಲ.

ಇದಕ್ಕೆ ಪುರಾವೆ ನಿಮ್ಮ ಸೆಟ್ಟಿನ ಪರದೆ ಮೇಲೇ ಇದೆ. ಸ್ಟೇಷನ್ ಹಾಕಿದಾಗ ಒಂದು ಜೋಡಿ ಅಂಕಿ ಕಾಣುತ್ತಲ್ಲ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಮೊದಲನೆಯದು ಸಿಗ್ನಲ್ ಎಷ್ಟು ಜೋರಾಗಿದೆ ಅನ್ನುವುದು. ಎರಡನೆಯದು ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವುದು. ಇದು 25ಕ್ಕಿಂತ ಮೇಲೆ ಹೋಗುವುದಿಲ್ಲ. ನೀವು ನೋಡಬೇಕಾದದ್ದು ಎರಡನೆಯದನ್ನೇ. ಮನೆಯಲ್ಲಿ ಮೊದಲನೆಯದು ದೊಡ್ಡದಾಗಿ ತೋರಿಸಿ ಎರಡನೆಯದು ಸೊನ್ನೆ ತೋರಿಸಿದರೆ, ಸೆಟ್‌ಗೆ ಕೇಳಿಸುತ್ತಿಲ್ಲ ಅಂತಲ್ಲ. ಚೆನ್ನಾಗಿಯೇ ಕೇಳಿಸುತ್ತಿದೆ, ಆದರೆ ಕೇಳಿಸುತ್ತಿರುವುದು ಬರೀ ಗದ್ದಲ. ತೋಟದಲ್ಲಿ ಇದು ಉಲ್ಟಾ ಆಗುತ್ತದೆ. ಮೊದಲ ಅಂಕಿ ಇಳಿಯುತ್ತದೆ, ಎರಡನೆಯದು ಏರುತ್ತದೆ.

ಊರಿಗೆ ಹೊರಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಚಾರ್ಜರ್ ಕಿತ್ತು ಬರೀ ಸೆಲ್ ಮೇಲೆ ಓಡಿಸಿ. ಚಾರ್ಜರ್ ಹಾಕಿಕೊಂಡೇ ಶಾರ್ಟ್‌ವೇವ್ ಕೇಳುವವರು ತುಂಬಾ ಜನ ಇದ್ದಾರೆ, ಅರ್ಧ ಗೊರಗೊರ ಅಲ್ಲಿಂದಲೇ ಬರುತ್ತಿರುತ್ತದೆ. ಆಮೇಲೆ ನಂಬರ್ ಗುಂಡಿಯಲ್ಲಿ 10000 ಒತ್ತಿ. ಇದು ಕಿಲೋಹರ್ಟ್ಸ್ ಲೆಕ್ಕ, ಅಂದರೆ 10 ಮೆಗಾಹರ್ಟ್ಸ್, ಚೀನಾದ ಬಿಪಿಎಂ ಅನ್ನುವ ಸಮಯ ಕೇಂದ್ರದ ಜಾಗ. ಶಾನ್‌ಶಿ ಪ್ರಾಂತ್ಯದ ಪುಚೆಂಗ್‌ನಿಂದ ಹಗಲೂ ರಾತ್ರಿ ಸೆಕೆಂಡಿಗೊಂದು ಟಿಕ್ ಸದ್ದು ಬರುತ್ತಲೇ ಇರುತ್ತದೆ. ಅರ್ಧ ಗಂಟೆಗೊಮ್ಮೆ ಒಬ್ಬ ಹೆಂಗಸಿನ ದನಿ ಚೀನೀ ಭಾಷೆಯಲ್ಲಿ ಹೆಸರು ಹೇಳುತ್ತದೆ. ರಾತ್ರಿ ಎಂಟರ ಹೊತ್ತಿಗೆ ಈ ಟಿಕ್ ಟಿಕ್ ಕರ್ನಾಟಕದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಹಾಲ್‌ನಲ್ಲಿ ಕೇಳಿಸದಿದ್ದರೆ ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಅದು ಓಡುತ್ತಿದ್ದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಆಫ್ ಮಾಡಿದ ಕೂಡಲೇ ಟಿಕ್ ಮೇಲೆದ್ದು ಬಂದರೆ ಗದ್ದಲ ನಿಮ್ಮ ಮನೆಯದ್ದೇ. ಬರದಿದ್ದರೆ ಅಕ್ಕಪಕ್ಕದವರದ್ದು, ಲಿಫ್ಟಿನದ್ದು, ಬೀದಿ ದೀಪದ್ದು. ಅದಕ್ಕೆ ನೀವು ಏನೂ ಮಾಡಲಾಗುವುದಿಲ್ಲ.

ನಿಮ್ಮ ಅಪ್ಪನ ಕಾಲದಲ್ಲಿ ಮನೆಯೊಳಗೇ ಸಿಲೋನ್ ಬರುತ್ತಿತ್ತಲ್ಲ ಅಂತ ಕೇಳಬಹುದು. ಆಗ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು, ಒಂದು ಫ್ಯಾನು. ಈಗ ಪ್ರತಿ ಎಲ್‌ಇಡಿ ಬಲ್ಬಿನೊಳಗೆ, ಮೊಬೈಲ್ ಚಾರ್ಜರಿನೊಳಗೆ, ಟಿವಿ, ವೈಫೈ ಡಬ್ಬಿಯೊಳಗೆ ಒಂದೊಂದು ಚಿಕ್ಕ ಸರ್ಕ್ಯೂಟ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಜೋಡಿಸುತ್ತಾ ಇರುತ್ತದೆ. ಹಾಗೆ ಕಡಿಯುವಾಗ ಹುಟ್ಟುವ ಅಲೆಗಳು ಶಾರ್ಟ್‌ವೇವ್ ಪೂರ್ತಿ ಹರಡುತ್ತವೆ. ಮನೆಯ ವೈರಿಂಗೇ ಅವಕ್ಕೆ ಆಂಟೆನಾ ಆಗುತ್ತದೆ. ಎಫ್‌ಎಂಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಅದು 88ರಿಂದ 108 ಮೆಗಾಹರ್ಟ್ಸ್‌ನಲ್ಲಿದೆ, ಸ್ಟೇಷನ್ ಕೂಡ ಊರಿನಲ್ಲೇ ಇರುತ್ತದೆ. ಐದು ಸಾವಿರ ಕಿಲೋಮೀಟರ್ ದೂರದಿಂದ ಬಂದ ಸಿಗ್ನಲ್ ನಿಮ್ಮ ಚಾರ್ಜರಿನ ಮುಂದೆ ನಿಲ್ಲಬೇಕು ಅಂದರೆ ಕಷ್ಟ ಅಲ್ವಾ?

ದುಬಾರಿ ಸೆಟ್ ಇದಕ್ಕೆ ಉತ್ತರ ಅಲ್ಲ ಅಂದದ್ದು ಇದಕ್ಕೇ. ಸುಮಾರು 15 ಮೆಗಾಹರ್ಟ್ಸ್‌ಗಿಂತ ಕೆಳಗೆ ಹೊರಗಿನಿಂದ ಬರುವ ಗದ್ದಲವೇ ಸೆಟ್ಟಿನ ಒಳಗಿನ ಗದ್ದಲಕ್ಕಿಂತ ಬಹಳ ಜಾಸ್ತಿ. ಸೆಟ್ ಎಷ್ಟೇ ಸೂಕ್ಷ್ಮ ಆದರೂ ಆ ಗದ್ದಲದ ಕೆಳಗೆ ಇರುವುದು ಅದಕ್ಕೆ ಸಿಗುವುದಿಲ್ಲ. ನಿಮ್ಮ 310ರ ಒಳಗಿರುವ ಸಿಲಿಕಾನ್ ಲ್ಯಾಬ್ಸ್ ಚಿಪ್ ಈ ಕೆಲಸಕ್ಕೆ ಬೇಕಾದಷ್ಟು ಸೂಕ್ಷ್ಮವಾಗಿಯೇ ಇದೆ.

ಇನ್ನು ಊರಿನ ಮಾತು. ಊರು ಅಂದ ಮಾತ್ರಕ್ಕೆ ಗದ್ದಲ ಇಲ್ಲ ಅಂತ ಅಂದುಕೊಳ್ಳಬೇಡಿ. ಮಲೆನಾಡಿನ ಮನೆಗಳಲ್ಲೂ ಈಗ ಇನ್ವರ್ಟರ್, ಸೋಲಾರ್, ಅಡಕೆ ಒಣಗಿಸುವ ಶೆಡ್ಡಿನ ಎಲ್‌ಇಡಿ ದೀಪ ಎಲ್ಲಾ ಇವೆ. ಜಗಲಿಯಲ್ಲಿ ಕೂತರೆ ವಿಜಯನಗರಕ್ಕಿಂತ ಸ್ವಲ್ಪ ವಾಸಿ ಅಷ್ಟೇ. ಮನೆಯಿಂದ ಐವತ್ತು, ಸಾಧ್ಯವಾದರೆ ನೂರು ಮೀಟರ್ ದೂರ ಹೋಗಿ. ಅಂಗಳ ದಾಟಿ ತೋಟದ ಅಂಚಿಗೋ, ಗದ್ದೆ ಬದುವಿಗೋ ಹೋದರೆ ಸಾಕು.

ಜಾಗ ಹುಡುಕಲು ರೇಡಿಯೋನೇ ಉಪಯೋಗಿಸಿ. ಯಾವ ಸ್ಟೇಷನ್ನೂ ಇಲ್ಲದ ಒಂದು ಜಾಗಕ್ಕೆ, 6 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಎಲ್ಲಾದರೂ, ಸೆಟ್ ಹಾಕಿ ಕೈಯಲ್ಲಿ ಹಿಡಿದು ನಡೆಯಿರಿ. ಕರೆಂಟ್ ಕಂಬದ ಹತ್ತಿರ ಹೋದರೆ ಝೇಂಕಾರ ಏರುತ್ತದೆ, ದೂರ ಹೋದರೆ ಇಳಿಯುತ್ತದೆ. 11 ಕೆವಿ ಲೈನು ತೋಟದ ಮೇಲೆ ಹಾದುಹೋಗಿದ್ದರೆ ಅದರ ಕೆಳಗಂತೂ ಬೇಡವೇ ಬೇಡ. ಸದ್ದು ತೀರಾ ಕಡಿಮೆ ಆಗಿ, ಮಂದವಾದ ಸುಯ್ ಅನ್ನುವಷ್ಟು ಉಳಿದರೆ ಅದೇ ನಿಮ್ಮ ಜಾಗ. ಗುಡ್ಡದ ತುದಿಯೇ ಆಗಬೇಕು ಅಂತೇನಿಲ್ಲ. ಎಫ್‌ಎಂ, ಮೊಬೈಲ್‌ಗಳಂತೆ ನೇರ ದಾರಿ ಬೇಕಿಲ್ಲ, ಈ ಅಲೆಗಳು ಆಕಾಶದಿಂದ ಇಳಿದು ಬರುತ್ತವೆ. ಕಣಿವೆಯ ತೋಟದಲ್ಲೂ ಚೆನ್ನಾಗಿ ಸಿಗುತ್ತದೆ.

ನಡೆಯುವಾಗ ಸೆಕೆಂಡಿಗೊಂದು ಟಕ್, ಟಕ್ ಅಂತ ಗಡಸು ಸದ್ದು ಎಲ್ಲಾ ಕಡೆ ಕೇಳಿದರೆ ಅದು ಚೀನಾದ ಗಡಿಯಾರ ಅಲ್ಲ. ಹತ್ತಿರದಲ್ಲಿ ಯಾರದ್ದೋ ಸೋಲಾರ್ ಬೇಲಿ ಇದೆ. ಆನೆ, ಕಾಡುಹಂದಿ, ಕಾಟಿಗೆ ಹಾಕುವ ಐಬೆಕ್ಸ್ ಬೇಲಿಯ ತಂತಿಗೆ ಗಿಡದ ಎಲೆಯೋ ಬಳ್ಳಿಯೋ ತಾಗುತ್ತಿದ್ದರೆ ಪ್ರತಿ ಹೊಡೆತಕ್ಕೂ ಒಂದು ಕಿಡಿ ಹಾರುತ್ತದೆ. ಅದು ಅರ್ಧ ಕಿಲೋಮೀಟರ್ ದೂರದವರೆಗೂ ಕೇಳಿಸಬಹುದು. ಎರಡನ್ನೂ ಬೇರೆ ಮಾಡುವುದು ಸುಲಭ. ಬಿಪಿಎಂ ಟಿಕ್ 10000ದಲ್ಲಿ ಇರುತ್ತದೆ, 10020ಕ್ಕೆ ಹೋದರೆ ಇರುವುದಿಲ್ಲ. ಬೇಲಿಯ ಟಕ್ ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಬೇಲಿ ನಿಮ್ಮದೇ ಆಗಿದ್ದರೆ ತಂತಿ ಮೇಲೆ ಬಿದ್ದ ಬಳ್ಳಿ ಕಡಿಸಿ. ರೇಡಿಯೋಗೂ ಒಳ್ಳೆಯದು, ಬೇಲಿಗೂ ಒಳ್ಳೆಯದು.

ಜೊತೆಗೆ ತಗೊಂಡು ಹೋದ ಸಾಮಾನನ್ನೂ ಅನುಮಾನದಿಂದ ನೋಡಿ. ಅಗ್ಗದ ಎಲ್‌ಇಡಿ ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್, ಮೊಬೈಲ್, ಇವು ಮೂರೂ ಸೆಟ್ ಪಕ್ಕದಲ್ಲಿದ್ದರೆ ಗದ್ದಲ ಮಾಡುತ್ತವೆ. ಟಾರ್ಚ್ ಹಾಕಿದ ಕೂಡಲೇ ಸ್ಟೇಷನ್ ಮುಳುಗಿದರೆ ಕಾರಣ ಗೊತ್ತಾಯಿತಲ್ಲ. ಮೊಬೈಲ್ ಎರಡು ಮೀಟರ್ ಆಚೆ ಇಡಿ. ಇಬ್ಬನಿ ಬೀಳುವ ಕಾಲ, ಸೆಟ್ಟನ್ನು ಹುಲ್ಲಿನ ಮೇಲೆ ಇಡಬೇಡಿ. ಉಂಬಳದ ಬಗ್ಗೆ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ಜಾಗ ಆಯಿತು. ಅದಕ್ಕಿಂತ ಮುಖ್ಯವಾದದ್ದು ಹೊತ್ತು. ತಪ್ಪು ಹೊತ್ತಿನಲ್ಲಿ ತಪ್ಪು ಬ್ಯಾಂಡ್ ತಿರುಗಿಸಿದರೆ ಎಂಥ ನಿಶ್ಶಬ್ದ ಜಾಗದಲ್ಲೂ ಏನೂ ಸಿಗುವುದಿಲ್ಲ. ಬಹಳ ಜನ ಸೆಟ್ ಕೊಂಡು ಭಾನುವಾರ ಮಧ್ಯಾಹ್ನ ಊಟ ಮಾಡಿ 49 ಮೀಟರ್ ಬ್ಯಾಂಡ್ (6 ಮೆಗಾಹರ್ಟ್ಸ್ ಆಸುಪಾಸು) ತಿರುಗಿಸಿ, ಏನೂ ಇಲ್ಲ ಅಂತ ಎತ್ತಿಡುತ್ತಾರೆ.

ಯಾಕೆ ಅಂದರೆ, ಶಾರ್ಟ್‌ವೇವ್ ದೂರ ಹೋಗುವುದು ನೆಲದಿಂದ ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದ ಅಯಾನುಗೋಳ ಅದನ್ನು ಬಗ್ಗಿಸಿ ಕೆಳಗೆ ಕಳಿಸುವುದರಿಂದ. ಒಂದು ನೆಗೆತಕ್ಕೆ ಹೆಚ್ಚೆಂದರೆ ಮೂರೂವರೆ, ನಾಲ್ಕು ಸಾವಿರ ಕಿಲೋಮೀಟರ್. ಯುರೋಪಿನಿಂದ ನಮಗೆ ಬರಲು ಎರಡು ನೆಗೆತ ಬೇಕು. ಹಗಲಲ್ಲಿ ಇದರ ಕೆಳಗೆ ಇನ್ನೊಂದು ಪದರ ಹುಟ್ಟುತ್ತದೆ. ಅದು ಕಡಿಮೆ ಮೆಗಾಹರ್ಟ್ಸ್‌ನ ಅಲೆಗಳನ್ನು ನುಂಗಿಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗುತ್ತದೆ. ಹಾಗಾಗಿ ಹಗಲಿಗೆ ದೊಡ್ಡ ನಂಬರ್, ರಾತ್ರಿಗೆ ಚಿಕ್ಕ ನಂಬರ್. ಮಧ್ಯಾಹ್ನ 15ರಿಂದ 21 ಮೆಗಾಹರ್ಟ್ಸ್, ಅಂದರೆ 19, 16, 13 ಮೀಟರ್. ಸಂಜೆಗೆ 25 ಮತ್ತು 31 ಮೀಟರ್. ಕತ್ತಲಾದ ಮೇಲೆ 31, 41, 49. ಮೀಟರ್ ಮತ್ತು ಮೆಗಾಹರ್ಟ್ಸ್ ಗೊಂದಲ ಆದರೆ 300ನ್ನು ಗೊತ್ತಿರುವ ಅಂಕಿಯಿಂದ ಭಾಗಿಸಿ, ಇನ್ನೊಂದು ಸುಮಾರಾಗಿ ಸಿಗುತ್ತದೆ.

ನಿಮ್ಮ ಮೊದಲ ಸಂಜೆಗೆ ನಾನು ಹೇಳುವ ಕ್ರಮ ಹೀಗಿದೆ. ನಾಲ್ಕೂವರೆ ಐದಕ್ಕೆ ಜಾಗ ಹಿಡಿದು 25 ಮೀಟರ್‌ನಿಂದ, ಅಂದರೆ 11600ರಿಂದ 12100ರವರೆಗೆ, ಶುರುಮಾಡಿ. ಆಮೇಲೆ 31 ಮೀಟರ್‌ಗೆ ಬನ್ನಿ, 9400ರಿಂದ 9900. ನಮಗಿಂತ ಮುಂಚೆ ಪೂರ್ವದಲ್ಲಿ ಕತ್ತಲಾಗಿರುತ್ತದೆ. ಹಾಗಾಗಿ ಮೊದಲು ಜೋರಾಗಿ ಬರುವುದು ಚೀನಾ, ಕೊರಿಯಾ, ವಿಯೆಟ್ನಾಂ ಕಡೆಯವು. ಆರು ಗಂಟೆ ಹೊತ್ತಿಗೆ ನಿಮ್ಮಲ್ಲೇ ಸೂರ್ಯ ಮುಳುಗುತ್ತಾನೆ. ಆ ಅರ್ಧ ಮುಕ್ಕಾಲು ಗಂಟೆ 31 ಮೀಟರ್ ಬಿಟ್ಟು ಅಲ್ಲಾಡಬೇಡಿ. ಐದೈದು ಕಿಲೋಹರ್ಟ್ಸ್ ದಾಟುತ್ತಾ ಹೋಗಿ, ಒಂದು ಸಲ ಖಾಲಿ ಇದ್ದ ಜಾಗ ಇಪ್ಪತ್ತು ನಿಮಿಷಕ್ಕೆ ತುಂಬಿರುತ್ತದೆ. ಎಂಟು ಒಂಬತ್ತರ ಮೇಲೆ ಕತ್ತಲು ಪಶ್ಚಿಮಕ್ಕೆ ಸರಿಯುತ್ತದೆ. ಆಗ ಟರ್ಕಿ, ರೊಮೇನಿಯಾ, ಅರಬ್ ದೇಶಗಳು, ಆಫ್ರಿಕಾ ಕಡೆಗೆ ಹೋಗುವ ಪ್ರಸಾರಗಳು ಬರತೊಡಗುತ್ತವೆ. ಒಂದೇ ಸಂಜೆಯಲ್ಲಿ ಕತ್ತಲು ಭೂಮಿ ಮೇಲೆ ನಡೆಯುವುದನ್ನು ಕಿವಿಯಲ್ಲೇ ಗುರುತಿಸಬಹುದು. ನನಗೆ ಈ ಹವ್ಯಾಸದಲ್ಲಿ ಅತ್ಯಂತ ಇಷ್ಟವಾದದ್ದು ಇದು, ಯಾವ ಸ್ಟೇಷನ್ ಏನು ಹೇಳಿತು ಅನ್ನುವುದಕ್ಕಿಂತಲೂ.

ಬೆಳಗಿನ ಜಾವ ಏಳುವ ಅಭ್ಯಾಸ ಇದ್ದರೆ ಐದೂವರೆಯಿಂದ ಏಳರವರೆಗೂ ಇದೇ ಆಟ ಇನ್ನೊಂದು ಸಲ ನಡೆಯುತ್ತದೆ. ಅಷ್ಟು ಹೊತ್ತಿಗೆ ಮನೆಗಳ ದೀಪವೂ ಕಡಿಮೆ.

ಪ್ರಸಾರದ ವೇಳಾಪಟ್ಟಿಗೆ ಐಬಿ (EiBi) ಅನ್ನುವ ಜರ್ಮನ್ ಪಟ್ಟಿ ಇದೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊಬೈಲ್‌ಗೆ ಇಳಿಸಿಕೊಂಡೇ ಹೋಗಿ, ತೋಟದಲ್ಲಿ ನೆಟ್‌ವರ್ಕ್ ನಂಬಬೇಡಿ. ಅದರಲ್ಲಿ ಎಲ್ಲವೂ ಯುಟಿಸಿ ಸಮಯ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಪಟ್ಟಿಯಲ್ಲಿ 1400 ಅಂತಿದ್ದರೆ ನಮಗೆ ಸಂಜೆ 7.30. ಸ್ಟೇಷನ್ನುಗಳು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ, ಜಾಗ ಬದಲಿಸುತ್ತವೆ. ನೀವು ಹೋಗುವುದು ಆ ಬದಲಾವಣೆಯ ಆಸುಪಾಸಿಗೇ. ಹಳೇ ಪಟ್ಟಿ ಇಟ್ಟುಕೊಂಡು ಹುಡುಕಬೇಡಿ.

ಈಗ ಆಂಟೆನಾ. ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ, ಆದರೆ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಉದ್ದ ವೈರ್ ಕಟ್ಟಿದರೆ ಅದು ಗದ್ದಲವನ್ನೇ ಉದ್ದಕ್ಕೆ ಹೀರುತ್ತದೆ. ತೋಟದಲ್ಲಿ ಮೊದಲ ಒಂದು ಗಂಟೆ ಬರೀ ಕೋಲಿನಲ್ಲೇ ಕೇಳಿ. ಅಲ್ಲಿ ಒಂದು ವಿಚಿತ್ರ ಗಮನಿಸುತ್ತೀರಿ: ಸೆಟ್ ಕೈಯಲ್ಲಿದ್ದಾಗ ಚೆನ್ನಾಗಿರುತ್ತದೆ, ಕಲ್ಲಿನ ಮೇಲೆ ಇಟ್ಟ ಕೂಡಲೇ ದನಿ ಇಳಿಯುತ್ತದೆ. ಕೋಲು ಆಂಟೆನಾಗೆ ಇನ್ನೊಂದು ಕಡೆ, ಅಂದರೆ ನೆಲದ ಕಡೆ, ಬೇಕು. ಕೈಯಲ್ಲಿದ್ದಾಗ ನಿಮ್ಮ ಮೈ ಆ ಕೆಲಸ ಮಾಡುತ್ತಿರುತ್ತದೆ. ಇಯರ್‌ಫೋನ್ ಹಾಕಿಕೊಂಡರೂ ಅದರ ವೈರ್ ಸ್ವಲ್ಪ ಆ ಕೆಲಸ ಮಾಡುತ್ತದೆ. ಇನ್ನೂ ಚೆನ್ನಾಗಿ ಬೇಕೆಂದರೆ ಮೂರ್ನಾಲ್ಕು ಮೀಟರ್ ಸಾದಾ ವೈರಿನ ತುದಿ ಸುಲಿದು ಸೆಲ್ ಹಾಕುವ ಜಾಗದ ಮೈನಸ್ ಸ್ಪ್ರಿಂಗಿಗೆ ಸಿಕ್ಕಿಸಿ, ಉಳಿದದ್ದನ್ನು ನೆಲದ ಮೇಲೆ ಹಾಸಿ. ಹತ್ತು ರೂಪಾಯಿಯ ವೈರು ಮಾಡುವ ವ್ಯತ್ಯಾಸ ನೋಡಿ ಆಶ್ಚರ್ಯ ಆಗುತ್ತದೆ.

ಆಮೇಲೂ ಆಸೆ ಇದ್ದರೆ ಐದಾರು ಮೀಟರ್ ಮನೆ ವೈರಿಂಗಿನ ತೆಳು ವೈರ್ ತಗೊಳ್ಳಿ. ಒಂದು ತುದಿಗೆ ಮೊಸಳೆ ಕ್ಲಿಪ್ ಹಾಕಿ ಕೋಲಿಗೆ ಕಚ್ಚಿಸಿ. ಇನ್ನೊಂದು ತುದಿಗೆ ದಾರ ಕಟ್ಟಿ, ದಾರಕ್ಕೆ ಚಿಕ್ಕ ಕಲ್ಲು ಕಟ್ಟಿ ಹಲಸಿನ ಕೊಂಬೆ ಮೇಲೆ ಎಸೆದು ಎಳೆದುಕೊಳ್ಳಿ. ಎಸೆಯುವ ದಿಕ್ಕಿನಲ್ಲಿ ಕರೆಂಟ್ ಲೈನ್ ಇಲ್ಲ ಅಂತ ಹಗಲಲ್ಲೇ ನೋಡಿಕೊಂಡಿರಬೇಕು. ಇದರಲ್ಲಿ ರಾಜಿ ಇಲ್ಲ. ಕ್ಲಿಪ್ ಕಚ್ಚಿಸುವ ಮುಂಚೆ ವೈರಿನ ತುದಿಯನ್ನು ಒಂದು ಸಲ ಒದ್ದೆ ನೆಲಕ್ಕೆ ಮುಟ್ಟಿಸಿ. ಗಾಳಿಗೆ ವೈರಿನಲ್ಲಿ ಸ್ಥಿರ ವಿದ್ಯುತ್ ಕೂಡಿರುತ್ತದೆ, ಚಿಕ್ಕ ಸೆಟ್ಟುಗಳ ಮೊದಲ ಟ್ರಾನ್ಸಿಸ್ಟರ್ ಅದಕ್ಕೇ ಸುಟ್ಟುಹೋಗುವುದುಂಟು. ದೀಪಾವಳಿ ಹೊತ್ತಿಗೆ ಹಿಂಗಾರಿನ ಗುಡುಗು ಸಂಜೆಗೇ ಬರುವುದು ಜಾಸ್ತಿ. ಸೆಟ್ಟಿನಲ್ಲಿ ಚಟ್ ಚಟಾರ್ ಅಂತ ಶುರುವಾದರೆ, ಗುಡುಗು ಕಿವಿಗೆ ಕೇಳಿಸುವ ಮುಂಚೆಯೇ ಮಿಂಚು ರೇಡಿಯೋಗೆ ಕೇಳಿಸಿದೆ ಅಂತ ಅರ್ಥ. ಅದು ನೂರಾರು ಕಿಲೋಮೀಟರ್ ದೂರದ್ದೂ ಆಗಿರಬಹುದು. ಆದರೆ ಚಟಾರ್ ಜೋರಾಗುತ್ತಾ ಬಂದರೆ ವೈರ್ ಕಿತ್ತು ಒಳಗೆ ನಡೆಯಿರಿ. ಮರದ ಕೆಳಗೆ ವೈರ್ ಹಿಡಿದು ಕೂರುವ ಹೊತ್ತು ಅದಲ್ಲ.

ವೈರ್ ಉದ್ದ ಮಾಡಿದಷ್ಟೂ ಒಳ್ಳೆಯದು ಅನ್ನುವುದು ಇಂಥ ಸೆಟ್ಟಿಗೆ ನಿಜ ಅಲ್ಲ. ಇಪ್ಪತ್ತು ಮೂವತ್ತು ಮೀಟರ್ ಕಟ್ಟಿದರೆ ಒಳಗಿನ ಸರ್ಕ್ಯೂಟಿಗೆ ತಡೆದುಕೊಳ್ಳಲು ಆಗುವುದಿಲ್ಲ. ಹೇಗೆ ಗೊತ್ತಾಗುತ್ತದೆ ಅಂದರೆ, ಒಂದೇ ಸ್ಟೇಷನ್ ಮೂರ್ನಾಲ್ಕು ಕಡೆ ಬರುತ್ತದೆ, ಇರಬಾರದ ಕಡೆ ಎರಡು ದನಿ ಕಲಸಿಕೊಂಡು ಕೇಳುತ್ತವೆ. ಆಗ ವೈರ್ ತೆಗೆಯಿರಿ, ಕೋಲನ್ನೂ ಅರ್ಧ ಮಡಚಿ. ಬೆಂಗಳೂರಿನ ಸುತ್ತ ಇದು ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ದೊಡ್ಡಬಳ್ಳಾಪುರದಲ್ಲಿ ಆಕಾಶವಾಣಿಯ 500 ಕಿಲೋವ್ಯಾಟ್‌ನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳಿವೆ. ನಂದಿ ಬೆಟ್ಟದ ಕಡೆ ರೇಡಿಯೋ ತಗೊಂಡು ಹೋಗುವವರು ಇದನ್ನು ನೆನಪಿಡಬೇಕು, ಅಲ್ಲಿ ಬರೀ ಕೋಲು ಸಾಕು. ತಮಾಷೆ ಏನೆಂದರೆ ತೀರ್ಥಹಳ್ಳಿಗೆ ಅದೇ ಟ್ರಾನ್ಸ್‌ಮಿಟರ್ ಹಗಲಿನ ದೊಡ್ಡ ಬ್ಯಾಂಡುಗಳಲ್ಲಿ ಸರಿಯಾಗಿ ಸಿಗದೆ ಇರಬಹುದು. ನೇರ ದಾರಿಯಲ್ಲಿ 250 ಕಿಲೋಮೀಟರ್ ದೂರ. ನೆಲದ ಮೇಲೆ ಹರಿದು ಬರುವ ಅಲೆ ಅಷ್ಟು ದೂರ ಬರುವುದಿಲ್ಲ. ಆಕಾಶಕ್ಕೆ ಹೋದದ್ದು ನಿಮ್ಮ ತಲೆ ಮೇಲಿಂದ ಹಾರಿ ಎಲ್ಲೋ ಕೊಲ್ಲಿ ದೇಶಗಳಲ್ಲಿ ಇಳಿಯುತ್ತದೆ.

ಸೆಟ್ಟಿನ ಗುಂಡಿಗಳಲ್ಲಿ ಎರಡು ಮುಖ್ಯ. ಬ್ಯಾಂಡ್‌ವಿಡ್ತ್ ಗುಂಡಿಯಲ್ಲಿ 1ರಿಂದ 6 ಕಿಲೋಹರ್ಟ್ಸ್‌ವರೆಗೆ ಆಯ್ಕೆ ಇದೆ. ಹುಡುಕುವಾಗ 3 ಇಟ್ಟುಕೊಳ್ಳಿ. ಪಕ್ಕದ ಸ್ಟೇಷನ್ ನುಗ್ಗಿದರೆ 2ಕ್ಕೆ ಇಳಿಸಿ, ಜೋರಾದ ಸ್ಟೇಷನ್ ಸಿಕ್ಕರೆ 4ಕ್ಕೋ 6ಕ್ಕೋ ಏರಿಸಿ, ಹಾಡು ತೆರೆದುಕೊಳ್ಳುತ್ತದೆ. ಇಟಿಎಂ ಗುಂಡಿ ತಾನೇ ಹುಡುಕಿ ಸ್ಟೇಷನ್ ಕೂಡಿಡುತ್ತದೆ. ಮನೆಯಲ್ಲಿ ಅದು ಚಾರ್ಜರನ್ನೂ ಸ್ಟೇಷನ್ ಅಂತ ಬರೆದುಕೊಳ್ಳುತ್ತದೆ, ತೋಟದಲ್ಲಿ ನಿಜಕ್ಕೂ ಉಪಯೋಗ. ಆದರೂ ಮಂದ ಸ್ಟೇಷನ್ನುಗಳನ್ನು ಅದು ಬಿಟ್ಟುಹೋಗುತ್ತದೆ. ಕೈಯಲ್ಲಿ ತಿರುಗಿಸಿದವರಿಗೇ ಅವು ಸಿಗುವುದು.

ಮೀಡಿಯಂ ವೇವ್‌ನ್ನೂ ಒಂದು ಸಲ ನೋಡಿ. ಅದರ ಹೆಜ್ಜೆ 9 ಕಿಲೋಹರ್ಟ್ಸ್‌ಗೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. 10ಕ್ಕೆ ಇಟ್ಟರೆ ಅದು 610, 620 ಅಂತ ಹಾರುತ್ತದೆ. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಎಲ್ಲವೂ ಒಂಬತ್ತರ ಲೆಕ್ಕದವು. ಮೀಡಿಯಂ ವೇವ್‌ಗೆ ಕೋಲು ಕೆಲಸಕ್ಕೆ ಬರುವುದಿಲ್ಲ, ಸೆಟ್ಟನ್ನೇ ತಿರುಗಿಸಬೇಕು.

ಊರಲ್ಲಿ ಯಾರ ಹತ್ತಿರವಾದರೂ ಮುಳ್ಳಿನ ಹಳೇ ಟ್ರಾನ್ಸಿಸ್ಟರ್ ಇದ್ದರೆ ಪಕ್ಕದಲ್ಲಿಟ್ಟು ಕೇಳಿ, ಖುಷಿಯಾಗುತ್ತದೆ. ಒಂದು ಎಚ್ಚರ: ಅಂಥ ಸೆಟ್ಟುಗಳಲ್ಲಿ ಜೋರಾದ ಸ್ಟೇಷನ್ ಮುಳ್ಳಿನ ಮೇಲೆ ಎರಡು ಕಡೆ ಕಾಣಿಸುತ್ತದೆ. ನಿಜವಾದ ಜಾಗಕ್ಕಿಂತ 910 ಕಿಲೋಹರ್ಟ್ಸ್ ಕೆಳಗೆ ಅದರ ನೆರಳು. ಅಂಥ ಸೆಟ್ಟುಗಳು ಒಳಗೆ ಎಲ್ಲಾ ಸ್ಟೇಷನ್ನನ್ನೂ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಳ್ಳುತ್ತವೆ, ಅದರ ಎರಡರಷ್ಟು ಇದು. 9600ರ ಸ್ಟೇಷನ್ 8690ರಲ್ಲೂ ಕೇಳಿದರೆ ಹೊಸ ಸ್ಟೇಷನ್ ಸಿಕ್ಕಿತು ಅಂತ ಬರೆದುಕೊಳ್ಳಬೇಡಿ.

ಶಾರ್ಟ್‌ವೇವ್ ಸತ್ತಿದೆಯಾ? ಸತ್ತಿಲ್ಲ, ಸೊರಗಿದೆ. ರೇಡಿಯೋ ನೆದರ್‌ಲ್ಯಾಂಡ್ಸ್ 2012ರಲ್ಲಿ ಹೋಯಿತು. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ 31ಕ್ಕೆ ಶಾರ್ಟ್‌ವೇವ್ ನಿಲ್ಲಿಸಿತು. ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ. 2025ರ ಮಾರ್ಚ್‌ನಲ್ಲಿ ವಾಯ್ಸ್ ಆಫ್ ಅಮೆರಿಕದ ಪ್ರಸಾರ ಬಹುತೇಕ ನಿಂತಿತು. ಅಪ್ಪ ಕೇಳುತ್ತಿದ್ದ ಸಿಲೋನ್ ಹುಡುಕಿದರೆ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. 1952ರಿಂದ ಸಿಲೋನಿನ ಬಿನಾಕಾ ಗೀತ್‌ಮಾಲಾ ಅನ್ನುವ ಹಾಡಿನ ಕಾರ್ಯಕ್ರಮಕ್ಕೆ ಇಡೀ ದೇಶ ಕಿವಿಗೊಟ್ಟ ಕಾಲ ಮುಗಿದಿದೆ.

ಉಳಿದಿರುವುದು ಕಡಿಮೆಯೇನಲ್ಲ. ಚೀನಾ ರೇಡಿಯೋ ಇಂಟರ್‌ನ್ಯಾಷನಲ್ ಎಲ್ಲಾ ಬ್ಯಾಂಡಿನಲ್ಲೂ ಇದೆ, ಹೊಸಬರು ಮೊದಲು ಹಿಡಿಯುವುದು ಸಾಮಾನ್ಯವಾಗಿ ಅದನ್ನೇ. ಬಿಬಿಸಿ ಇಂಗ್ಲಿಷ್, ಕೊರಿಯಾದ ಕೆಬಿಎಸ್, ಜಪಾನಿನ ಎನ್‌ಎಚ್‌ಕೆ, ವಾಯ್ಸ್ ಆಫ್ ಟರ್ಕಿ, ರೇಡಿಯೋ ರೊಮೇನಿಯಾ, ವಾಯ್ಸ್ ಆಫ್ ವಿಯೆಟ್ನಾಂ ಇವೆ. ಭಾಷೆ ಅರ್ಥವಾಗದ ಸ್ಟೇಷನ್ನುಗಳನ್ನು ದಾಟಬೇಡಿ, ಅವುಗಳಲ್ಲಿ ಬರುವ ಸಂಗೀತ ಬೇರೆಲ್ಲೂ ಕೇಳಸಿಗುವುದಿಲ್ಲ. ಕನ್ನಡ ಬೇಕೆಂದರೆ ಐಬಿ ಪಟ್ಟಿಯಲ್ಲಿ ಭಾಷೆಯ ಹೆಸರಿನಿಂದ ಹುಡುಕಿ. ಅಡ್ವೆಂಟಿಸ್ಟ್ ವರ್ಲ್ಡ್ ರೇಡಿಯೋದಂಥ ಕ್ರೈಸ್ತ ಸಂಸ್ಥೆಗಳು ಶಾರ್ಟ್‌ವೇವ್‌ನಲ್ಲಿ ಕನ್ನಡ ಕಾರ್ಯಕ್ರಮ ಹಾಕುತ್ತಾ ಬಂದಿವೆ.

ವಿಚಿತ್ರ ಸದ್ದುಗಳೂ ಕೇಳುತ್ತವೆ, ಅವು ಸೆಟ್ಟಿನ ದೋಷ ಅಲ್ಲ. ಇಪ್ಪತ್ತು ಕಿಲೋಹರ್ಟ್ಸ್ ಅಗಲಕ್ಕೆ ಗರ್ರ್ ಅಂತ ಹರಡಿಕೊಂಡದ್ದು ದೂರದ ರಾಡಾರ್ ಇರಬಹುದು. ಒಂದೇ ಸಮನೆ ಸುರ್ರ್ ಅನ್ನುವುದು ಡಿಆರ್‌ಎಂ ಅನ್ನುವ ಡಿಜಿಟಲ್ ಪ್ರಸಾರ ಇರಬಹುದು, ಅದು ನಿಮ್ಮ ಸೆಟ್ಟಿಗೆ ಅರ್ಥವಾಗುವುದಿಲ್ಲ. ದನಿ ಏರಿ ಇಳಿದು, ಕೆಲವೊಮ್ಮೆ ಗಂಟಲು ಕಟ್ಟಿದ ಹಾಗೆ ಆಗುವುದು ಅಲೆಗಳು ಬೇರೆ ಬೇರೆ ದಾರಿಯಲ್ಲಿ ಬಂದು ಒಂದನ್ನೊಂದು ಹೊಡೆದುಹಾಕುವುದರಿಂದ. ಅರ್ಧ ನಿಮಿಷ ಕಾಯಿರಿ, ಸರಿಹೋಗುತ್ತದೆ.

ಹಗಲಲ್ಲಿ ಇದ್ದಕ್ಕಿದ್ದಂತೆ ಎಲ್ಲಾ ಬ್ಯಾಂಡೂ ಖಾಲಿಯಾದರೆ ಸೂರ್ಯನ ಮೇಲೆ ಸ್ಫೋಟ ಆಗಿರಬಹುದು. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಮತ್ತೆ ಹಾಕಿ. ಸೂರ್ಯನ ಹನ್ನೊಂದು ವರ್ಷದ ಚಕ್ರ 2024ರ ಕೊನೆಯ ಸುಮಾರಿಗೆ ತುದಿ ಮುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದು ನೆನಪಿರಬಹುದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಅದನ್ನು ಹಿಡಿದಿದ್ದವು. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಹಗಲಿನ ದೊಡ್ಡ ಬ್ಯಾಂಡುಗಳು ಚೆನ್ನಾಗಿರುತ್ತವೆ. ಹಾಗಾಗಿ ಹಬ್ಬದ ಮಧ್ಯಾಹ್ನ 16 ಮೀಟರ್, 17480ರಿಂದ 17900, ಒಂದು ಸಲ ತಿರುಗಿಸಿ ನೋಡಿ.

ಕೊನೆಗೆ, ಬೇರೆ ಸೆಟ್ ಯಾವಾಗ ಬೇಕು? ನಿಮ್ಮ 310ಕ್ಕೆ ಎಸ್‌ಎಸ್‌ಬಿ ಇಲ್ಲ, ಅಂದರೆ ಹವ್ಯಾಸಿ ರೇಡಿಯೋದವರು ಮಾತಾಡಲು ಬಳಸುವ ಪ್ರಸಾರದ ರೀತಿಯನ್ನು ಅದು ಬಿಡಿಸಲಾರದು. ಬೆಳಗ್ಗೆ 7ರಿಂದ 7.2 ಮೆಗಾಹರ್ಟ್ಸ್‌ನಲ್ಲಿ ದಕ್ಷಿಣ ಭಾರತದ ಹ್ಯಾಮ್‌ಗಳು, ಅಂದರೆ ಈ ಹವ್ಯಾಸಿಗಳು, ಹರಟುತ್ತಿರುತ್ತಾರೆ, ಕೆಲವೊಮ್ಮೆ ಕನ್ನಡವೂ ಬೀಳುತ್ತದೆ. ಅದು ನಿಮ್ಮ ಸೆಟ್ಟಿನಲ್ಲಿ ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಅದನ್ನು ಬಿಡಿಸಿ ಕೇಳುವ ಆಸೆ ಹುಟ್ಟಿದರೆ ಟೆಕ್ಸನ್ ಪಿಎಲ್-330 ಅಥವಾ ಎಕ್ಸ್‌ಎಚ್‌ಡೇಟಾ ಡಿ-808 ನೋಡಿ, ಎರಡರಲ್ಲೂ ಎಸ್‌ಎಸ್‌ಬಿ ಇದೆ, ಎರಡೂ ಅಂಗೈಯಲ್ಲಿ ಹಿಡಿಯುವಷ್ಟೇ. ಆ ಆಸೆ ಹುಟ್ಟದಿದ್ದರೆ ಇನ್ನೊಂದಕ್ಕೆ ದುಡ್ಡು ಹಾಕಬೇಡಿ. ಮೂರು ಒಳ್ಳೆಯ ಎಎ ಸೆಲ್, ಒಂದು ಮೊಸಳೆ ಕ್ಲಿಪ್, ಹತ್ತು ಮೀಟರ್ ವೈರ್ ತಗೊಂಡು ಬಸ್ ಹತ್ತಿ. ಕ್ಲಿಪ್ ಮತ್ತು ವೈರ್ ಎರಡೂ ಎಸ್.ಪಿ. ರೋಡಿನಲ್ಲಿ ನೂರು ರೂಪಾಯಿಯೊಳಗೇ ಆಗುತ್ತವೆ.